ಲೈಕ್ ಸಾವಿರಾರು, ಗೂಗಲ್‌ನಲ್ಲಿ ಮಾತ್ರ ಸುಳಿವಿಲ್ಲ: ವಿಡಿಯೊ, ರೀಲ್ಸ್‌ನಿಂದ ವೆಬ್‌ಸೈಟ್ ಮೇಲೆ ಬರುವಂತೆ ಮಾಡುವುದು ಹೇಗೆ?

ಇಳಕಲ್‌ನ ಒಂದು ಸೀರೆ ಅಂಗಡಿ ಎಂದುಕೊಳ್ಳಿ. ಮಗ್ಗದ ಸದ್ದಿನ ರೀಲ್ಸ್‌ಗೆ ಇನ್‌ಸ್ಟಾಗ್ರಾಮ್‌ನಲ್ಲಿ ಸಾವಿರಾರು ಲೈಕ್. ಆದರೆ ‘ಇಳಕಲ್ ಕೈಮಗ್ಗದ ಸೀರೆ’ ಎಂದು ಗೂಗಲ್‌ನಲ್ಲಿ ಹುಡುಕಿದರೆ ಅಂಗಡಿಯ ವೆಬ್‌ಸೈಟ್ ಎರಡನೇ ಪುಟದಲ್ಲೂ ಕಾಣುವುದಿಲ್ಲ. ಇಷ್ಟು ಜನ ಮೆಚ್ಚಿದ ಮೇಲೂ ಹೀಗೇಕೆ?

ಲೈಕ್ ನೋಡಿ ಗೂಗಲ್ ಸ್ಥಾನ ಕೊಡುವುದಿಲ್ಲ, ಅದಕ್ಕೆ. ಫೇಸ್‌ಬುಕ್ ಲೈಕ್, ಟ್ವಿಟರ್ ಫಾಲೋವರ್‌ಗಳ ಸಂಖ್ಯೆಯನ್ನು ರ್‍ಯಾಂಕಿಂಗ್‌ಗೆ ಬಳಸುತ್ತಿಲ್ಲ ಎಂದು ಗೂಗಲ್‌ನ ಮ್ಯಾಟ್ ಕಟ್ಸ್ 2014ರ ಜನವರಿಯಲ್ಲೇ ಹೇಳಿದ್ದರು. ಸಾಮಾಜಿಕ ಜಾಲತಾಣಗಳಲ್ಲಿ ನೀವು ಹಾಕುವ ಲಿಂಕ್‌ಗಳಿಗೆ ಸಾಮಾನ್ಯವಾಗಿ ‘ನೋಫಾಲೋ’ ಗುರುತು ಅಂಟಿರುತ್ತದೆ. ‘ಈ ಲಿಂಕ್‌ಗೆ ನಮ್ಮ ಶಿಫಾರಸು ಇದೆ ಎಂದು ತಿಳಿಯಬೇಡಿ’ ಎಂದು ಆ ತಾಣವೇ ಗೂಗಲ್‌ಗೆ ಹೇಳಿದ ಹಾಗೆ.

ಲಾಭ ಬರುವುದು ಸುತ್ತುದಾರಿಯಲ್ಲಿ. ಇಂದು ರೀಲ್ ನೋಡಿದವರು ನಾಳೆ ಅಂಗಡಿಯ ಹೆಸರು ಬರೆದು ಗೂಗಲ್‌ನಲ್ಲಿ ಹುಡುಕುತ್ತಾರೆ, ನಿಮ್ಮ ಪುಟವನ್ನೇ ಒತ್ತುತ್ತಾರೆ. ಇಂಥ ಕ್ಲಿಕ್‌ಗಳಿಗೆ ಬೆಲೆಯಿದೆ. ಹದಿಮೂರು ತಿಂಗಳ ಕ್ಲಿಕ್ ಮಾಹಿತಿಯನ್ನು ಬಳಸುವ ‘ನ್ಯಾವ್‌ಬೂಸ್ಟ್’ ಎಂಬ ವ್ಯವಸ್ಥೆಯ ಬಗ್ಗೆ ಗೂಗಲ್‌ನ ಪಾಂಡು ನಾಯಕ್ 2023ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ಸಾಕ್ಷ್ಯ ನುಡಿದಿದ್ದಾರೆ. ರೀಲ್ ನೋಡಿದವರಲ್ಲಿ ಯಾರಾದರೊಬ್ಬರು ತಮ್ಮ ವೆಬ್‌ಸೈಟ್‌ನಲ್ಲಿ ನಿಮ್ಮ ಬಗ್ಗೆ ಬರೆದು ಲಿಂಕ್ ಕೊಟ್ಟರೆ ಅದು ಸಾವಿರ ಲೈಕ್‌ಗಿಂತ ದೊಡ್ಡದು. ಇನ್ನು ಯೂಟ್ಯೂಬ್ ವಿಡಿಯೊ ತಾನೇ ಒಂದು ಫಲಿತಾಂಶವಾಗಿ ಗೂಗಲ್‌ನಲ್ಲಿ ಕಾಣಿಸಿಕೊಳ್ಳುತ್ತದೆ. ಈ ದಾರಿಗಳು ತೆರೆದುಕೊಳ್ಳುವಂತೆ ಕೆಲಸ ಮಾಡಬೇಕು.

ಮೊದಲು ಹುಡುಕುವ ಮಾತು ಹಿಡಿಯಿರಿ

ಗೂಗಲ್‌ನಲ್ಲಿ ‘ಇಳಕಲ್ ಸೀರೆ’ ಎಂದು ಬರೆದು ಎಂಟರ್ ಒತ್ತದೆ ಕೆಳಗೆ ಬರುವ ಸಲಹೆಗಳನ್ನು ನೋಡಿ. ಇಂಗ್ಲಿಷ್ ಅಕ್ಷರಗಳಲ್ಲೂ ಹೀಗೇ ಮಾಡಿ. ನಮ್ಮಲ್ಲಿ ಬಹಳ ಜನ ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುತ್ತಾರೆ. ಸಿಕ್ಕ ಮಾತುಗಳಲ್ಲಿ ಒಂದನ್ನು ಆರಿಸಿ ಹುಡುಕಿ, ಮೊದಲ ಪುಟದಲ್ಲಿ ವಿಡಿಯೊಗಳು ಕಾಣುತ್ತವೆಯೇ ನೋಡಿ. ಕಂಡರೆ ವಿಡಿಯೊ ಮಾಡಿ. ಕಾಣದಿದ್ದರೆ ಆ ಶ್ರಮವನ್ನು ಬರಹಕ್ಕೆ, ಫೋಟೊಗಳಿಗೆ ಹಾಕಿ. ಎಷ್ಟೋ ಜನ ಈ ಎರಡು ನಿಮಿಷದ ಪರೀಕ್ಷೆ ಮಾಡದೆ ತಿಂಗಳುಗಟ್ಟಲೆ ಶೂಟಿಂಗ್ ಮಾಡುತ್ತಾರೆ.

ವಿಡಿಯೊಗಿಂತ ಮುಂಚೆ ಪುಟ ಸಿದ್ಧವಾಗಿರಲಿ

‘ಅಸಲಿ ಇಳಕಲ್ ಸೀರೆ ಗುರುತಿಸುವುದು ಹೇಗೆ?’ ಎಂಬ ಒಂದೇ ಪ್ರಶ್ನೆಗೆ ಒಂದು ಪುಟ ಮಾಡಿ. ಇಳಕಲ್ ನೇಯ್ಗೆಯಲ್ಲಿ ಸೆರಗಿನ ಹಾಸು ಎಳೆಗಳನ್ನು (ಉದ್ದಕ್ಕೆ ಹಾಯುವ ನೂಲು) ಒಡಲಿನ ಹಾಸು ಎಳೆಗಳಿಗೆ ಕೊಂಡಿ ಹಾಕಿ ಕೂಡಿಸುತ್ತಾರೆ. ಆ ಕೂಡುವ ಜಾಗದ ಹತ್ತಿರದ ಫೋಟೊ ಹಾಕಿ, ಏನನ್ನು ನೋಡಬೇಕೆಂದು ಮಾತಿನಲ್ಲೂ ಬರೆಯಿರಿ. ವಿಡಿಯೊದಲ್ಲಿ ಹೇಳಿದ್ದೇವಲ್ಲ ಎಂದು ಪುಟದಲ್ಲಿ ಎರಡೇ ಸಾಲು ಬರೆದು ಬಿಟ್ಟರೆ ಆ ಪುಟಕ್ಕೆ ಸ್ಥಾನ ಸಿಗುವುದು ಕಷ್ಟ. ರೀಲ್ಸ್, ವಾಟ್ಸ್‌ಆ್ಯಪ್, ಯೂಟ್ಯೂಬ್ ಎಲ್ಲ ಕಡೆಯಿಂದಲೂ ಇದೇ ಪುಟಕ್ಕೆ ಲಿಂಕ್ ಕೊಡಿ, ಹೋಮ್ ಪೇಜ್‌ಗಲ್ಲ. ಹೋಮ್ ಪೇಜ್‌ಗೆ ಬಂದವರು ತಾವು ನೋಡಿದ್ದನ್ನು ಅಲ್ಲಿ ಹುಡುಕಲಾಗದೆ ವಾಪಸ್ ಹೋಗುತ್ತಾರೆ.

ಯೂಟ್ಯೂಬ್ ವಿಡಿಯೊ

ನಾಲ್ಕೈದು ನಿಮಿಷ ಸಾಕು. ಮೊದಲ ಹದಿನೈದು ಸೆಕೆಂಡಿನಲ್ಲೇ ಉತ್ತರ ತೋರಿಸಿ: ಸೀರೆ ತಿರುವಿ, ಕೊಂಡಿ ಬಿದ್ದ ಜಾಗದ ಮೇಲೆ ಬೆರಳಿಟ್ಟು ಕ್ಯಾಮೆರಾ ಹತ್ತಿರ ತನ್ನಿ. ಲೋಗೊ, ಸಂಗೀತ, ‘ಎಲ್ಲರಿಗೂ ನಮಸ್ಕಾರ’ಗಳಲ್ಲೇ ಆ ಸಮಯ ಕಳೆದರೆ ನೋಡುಗರು ಮುಂದಕ್ಕೆ ಸರಿದುಬಿಡುತ್ತಾರೆ. ಮಗ್ಗದ ಪಕ್ಕದಲ್ಲಿ ನಿಂತು ಮಾತಾಡಿದರೆ ಸದ್ದಿನಲ್ಲಿ ದನಿ ಮುಳುಗುತ್ತದೆ. ಮಾತನ್ನು ಬೇರೆ ಕೋಣೆಯಲ್ಲಿ ಕಾಲರ್ ಮೈಕ್‌ನಲ್ಲಿ ದಾಖಲಿಸಿ ಸೇರಿಸಿ.

ಶೀರ್ಷಿಕೆಗೆ 100 ಅಕ್ಷರಗಳ ಮಿತಿಯಿದ್ದರೂ ಫೋನಿನಲ್ಲಿ ಕಾಣುವುದು ಕಡಿಮೆ. ಹುಡುಕುವ ಮಾತು ಮುಂಭಾಗದಲ್ಲೇ ಬರಲಿ. ವಿವರಣೆಗೆ 5,000 ಅಕ್ಷರಗಳವರೆಗೆ ಜಾಗವಿದೆ, ಆದರೆ ತೆರೆಯದೆ ಕಾಣುವುದು ಮೊದಲ ಒಂದೆರಡು ಸಾಲು ಮಾತ್ರ. ನಿಮ್ಮ ಪುಟದ ಲಿಂಕ್ ಅಲ್ಲೇ ಇರಬೇಕು. ಹೊಸ ಚಾನೆಲ್ ಆಗಿದ್ದರೆ ಲಿಂಕ್ ಒತ್ತಲು ಬರದೇ ಇರಬಹುದು. ಆಗ ಯೂಟ್ಯೂಬ್ ಸ್ಟುಡಿಯೊದ ಸೆಟ್ಟಿಂಗ್ಸ್‌ನಲ್ಲಿ ಫೀಚರ್ ಎಲಿಜಿಬಿಲಿಟಿಗೆ ಹೋಗಿ ಪರಿಶೀಲನೆ ಮುಗಿಸಿ. ಟ್ಯಾಗ್‌ಗಳಿಗೆ ತಲೆ ಕೆಡಿಸಿಕೊಳ್ಳಬೇಡಿ, ಅವುಗಳ ಪಾತ್ರ ಅತ್ಯಲ್ಪ ಎಂದು ಯೂಟ್ಯೂಬೇ ಹೇಳುತ್ತದೆ.

ವಿವರಣೆಯಲ್ಲಿ ಅಧ್ಯಾಯಗಳನ್ನು ತಪ್ಪದೆ ಬರೆಯಿರಿ:

0:00 ಒಡಲು, ಸೆರಗು ಕೂಡುವ ಜಾಗ
1:05 ಅಂಚು ನೋಡುವ ಬಗೆ
2:20 ರೇಷ್ಮೆಯೋ ಹತ್ತಿಯೋ
3:40 ಒಗೆಯುವಾಗ ಬಣ್ಣ ಬಿಡದಿರಲು

ಮೊದಲ ಸಮಯ 0:00 ಆಗಿರಬೇಕು, ಕನಿಷ್ಠ ಮೂರು ಅಧ್ಯಾಯ ಇರಬೇಕು, ಒಂದೊಂದೂ 10 ಸೆಕೆಂಡಿಗಿಂತ ಕಡಿಮೆ ಇರಬಾರದು, ಸಮಯ ಏರುಕ್ರಮದಲ್ಲಿರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಅಧ್ಯಾಯಗಳು ಮೂಡುವುದಿಲ್ಲ. ಸರಿಯಾಗಿದ್ದರೆ ಗೂಗಲ್ ಫಲಿತಾಂಶದಲ್ಲೂ ಇವು ‘ಮುಖ್ಯ ಕ್ಷಣ’ಗಳಾಗಿ ಕಾಣಬಹುದು. ‘ರೇಷ್ಮೆಯೋ ಹತ್ತಿಯೋ’ ಎಂದು ಹುಡುಕಿದವರು ನೇರ ಆ ಜಾಗಕ್ಕೇ ಬಂದು ಇಳಿಯುತ್ತಾರೆ. ಕನ್ನಡ ಕ್ಯಾಪ್ಷನ್ (ಪರದೆಯ ಕೆಳಗೆ ಮೂಡುವ ಮಾತಿನ ಬರಹ) ಅನ್ನು ನೀವೇ ಬರೆದು ಸೇರಿಸಿ. ಯಂತ್ರ ಬರೆದದ್ದಾದರೆ ನೇಯ್ಗೆಯ ಮಾತುಗಳನ್ನು ಒಮ್ಮೆ ಓದಿ ತಿದ್ದಿ.

ಶಾರ್ಟ್ಸ್ ಮಾಡುವವರಿಗೊಂದು ಎಚ್ಚರಿಕೆ. 2023ರ ಆಗಸ್ಟ್ 31ರಿಂದ ಶಾರ್ಟ್ಸ್‌ನ ವಿವರಣೆ, ಕಾಮೆಂಟ್‌ಗಳಲ್ಲಿ ಹಾಕಿದ ಲಿಂಕ್‌ಗಳನ್ನು ಒತ್ತಲು ಬರುವುದಿಲ್ಲ. ‘ರಿಲೇಟೆಡ್ ವಿಡಿಯೊ’ ಆಯ್ಕೆಯಲ್ಲಿ ನಿಮ್ಮ ದೊಡ್ಡ ವಿಡಿಯೊವನ್ನು ಜೋಡಿಸಿ, ಅಲ್ಲಿಂದ ಪುಟಕ್ಕೆ ಕರೆತನ್ನಿ.

ಪುಟದಲ್ಲಿ ವಿಡಿಯೊ ಅಳವಡಿಸುವಾಗ

ಗೂಗಲ್‌ನ ‘ವಿಡಿಯೊಸ್’ ವಿಭಾಗದಲ್ಲಿ 2023ರ ಡಿಸೆಂಬರ್‌ನಿಂದ ವಿಡಿಯೊವೇ ಮುಖ್ಯವಾಗಿರುವ ಪುಟಗಳು ಮಾತ್ರ ಕಾಣುತ್ತವೆ. ಬರಹದ ನಡುವೆ ವಿಡಿಯೊ ಸಿಕ್ಕಿಸಿದ ಪುಟ ಅಲ್ಲಿ ಬರುವುದಿಲ್ಲ. ಸಣ್ಣ ಅಂಗಡಿಯವರು ಇದಕ್ಕೆ ಬೇಸರಪಡಬೇಕಿಲ್ಲ. ವಿಡಿಯೊ ಫಲಿತಾಂಶದಲ್ಲಿ ಯೂಟ್ಯೂಬ್ ಪುಟ ಬರಲಿ, ಬರಹದ ಫಲಿತಾಂಶದಲ್ಲಿ ನಿಮ್ಮ ಪುಟ ಬರಲಿ. ಒಂದೇ ಪರದೆಯಲ್ಲಿ ಎರಡು ಜಾಗ ನಿಮ್ಮದಾಗುತ್ತದೆ.

ವೇಗ ಮಾತ್ರ ಕೆಡಬಾರದು. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಮೂಡಬೇಕು ಎಂಬುದು ಗೂಗಲ್‌ನ ಅಳತೆ. ಯೂಟ್ಯೂಬ್ ಪ್ಲೇಯರ್ ತನ್ನೊಡನೆ ಭಾರಿ ಕೋಡ್ ಎಳೆದು ತರುತ್ತದೆ. ವೆಬ್‌ಸೈಟ್ ಮಾಡಿಕೊಟ್ಟವರಿಗೆ ‘ಮೊದಲು ಚಿತ್ರ ಮಾತ್ರ ಕಾಣಲಿ, ಒತ್ತಿದ ಮೇಲೆ ಪ್ಲೇಯರ್ ಬರಲಿ’ ಎಂದು ಹೇಳಿ. ವಿಡಿಯೊ ಫೈಲನ್ನೇ ಅಗ್ಗದ ಹೋಸ್ಟಿಂಗ್‌ಗೆ ಏರಿಸುವ ತಪ್ಪು ಮಾಡಬೇಡಿ, ಹಳ್ಳಿಯ ನೆಟ್‌ವರ್ಕ್‌ನಲ್ಲಿ ಪುಟ ತೆರೆಯುವುದೇ ಇಲ್ಲ.

ಇನ್‌ಸ್ಟಾಗ್ರಾಮ್, ಗೂಗಲ್ ಮ್ಯಾಪ್

2025ರ ಜುಲೈ 10ರಿಂದ ಇನ್‌ಸ್ಟಾಗ್ರಾಮ್‌ನ ಸಾರ್ವಜನಿಕ ಪ್ರೊಫೆಷನಲ್ ಖಾತೆಗಳ ಫೋಟೊ, ರೀಲ್ಸ್ ಗೂಗಲ್‌ನಂಥ ಹುಡುಕಾಟದಲ್ಲೂ ಬರಬಹುದು. ನಿಮ್ಮದು ಪರ್ಸನಲ್ ಖಾತೆಯಾಗಿದ್ದರೆ ಬದಲಿಸಿ, ಪ್ರೈವೆಸಿ ಸೆಟ್ಟಿಂಗ್‌ನಲ್ಲಿ ಈ ಅನುಮತಿ ಆನ್ ಇದೆಯೇ ನೋಡಿ. ಕ್ಯಾಪ್ಷನ್‌ನಲ್ಲಿ ಬರೀ ಎಮೋಜಿ ಸಾಲದು. ‘ಇಳಕಲ್ ಕೈಮಗ್ಗದ ಸೀರೆ, ಕೆಂಪು ಸೆರಗು, ಹತ್ತಿ ಒಡಲು’ ಎಂದು ಬಿಡಿಸಿ ಬರೆಯಿರಿ.

ಗೂಗಲ್ ಮ್ಯಾಪ್‌ನಲ್ಲಿರುವ ಅಂಗಡಿಯ ಪ್ರೊಫೈಲ್‌ಗೆ 30 ಸೆಕೆಂಡ್, 75 ಎಂಬಿ ಮೀರದ ವಿಡಿಯೊ ಹಾಕಬಹುದು. ಅಂಗಡಿಯ ಹೆಸರು, ವಿಳಾಸ, ಫೋನ್ ನಂಬರ್ ಎಲ್ಲ ತಾಣಗಳಲ್ಲೂ ಒಂದೇ ರೀತಿ ಇರಲಿ.

ಫಲ ಸಿಕ್ಕಿತೇ?

ವಾಟ್ಸ್‌ಆ್ಯಪ್‌ನಿಂದ ಬಂದವರನ್ನು ವೆಬ್‌ಸೈಟ್‌ಗೆ ಬಂದವರ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್ ಬಹುಮಟ್ಟಿಗೆ ‘ಡೈರೆಕ್ಟ್’ (ನೇರವಾಗಿ ಬಂದವರು) ಎಂದೇ ಎಣಿಸುತ್ತದೆ. ಹಾಗಾಗಿ ಒಂದೊಂದು ತಾಣಕ್ಕೂ ಬೇರೆ ಬೇರೆ ಯುಟಿಎಂ ಗುರುತು (ಎಲ್ಲಿಂದ ಬಂದರೆಂದು ತಿಳಿಸಲು ಲಿಂಕ್‌ನ ಕೊನೆಗೆ ಹಾಕುವ ಪದಗಳು) ಸೇರಿಸಿದ ಲಿಂಕ್ ಬಳಸಿ. ನಿಜವಾದ ಲೆಕ್ಕ ಇರುವುದು ಸರ್ಚ್ ಕನ್ಸೋಲ್‌ನಲ್ಲಿ, ಅಂದರೆ ಹುಡುಕಾಟದಲ್ಲಿ ನಿಮ್ಮ ವೆಬ್‌ಸೈಟ್ ಹೇಗೆ ಕಾಣುತ್ತಿದೆ ಎಂದು ತೋರಿಸುವ ಗೂಗಲ್‌ನ ಸಾಧನದಲ್ಲಿ. ಪರ್ಫಾರ್ಮೆನ್ಸ್ ವರದಿ ತೆರೆದು, ಅಂಗಡಿಯ ಹೆಸರಿರುವ ಹುಡುಕಾಟಗಳನ್ನು ಸೋಸಿ, ಈ ಮೂರು ತಿಂಗಳನ್ನು ಹಿಂದಿನ ಮೂರು ತಿಂಗಳಿಗೆ ಹೋಲಿಸಿ. ಆ ಸಂಖ್ಯೆ ಏರುತ್ತಿದ್ದರೆ ನಿಮ್ಮ ರೀಲ್ಸ್ ಕೆಲಸ ಮಾಡುತ್ತಿವೆ. ಲೈಕ್ ಏರುತ್ತಿದ್ದು ಇದು ಕದಲದಿದ್ದರೆ ವಿಡಿಯೊದಲ್ಲಿ ಅಂಗಡಿಯ ಹೆಸರು ಜನರ ಕಿವಿಗೆ ಬಿದ್ದೇ ಇಲ್ಲ. ಬಾಯಲ್ಲಿ ಹೇಳಿ, ಪರದೆಯ ಮೇಲೂ ಬರೆಯಿರಿ. ದುಡ್ಡು ಕೊಟ್ಟು ಕೊಂಡ ಫಾಲೋವರ್‌ಗಳಿಂದ ಈ ಸಂಖ್ಯೆ ಎಂದೂ ಏರದು.

‘ಅಸಲಿ ಇಳಕಲ್ ಸೀರೆ’ ಎಂಬ ಮಾತಿಗೆ ನಿಮ್ಮ ಪುಟ ಮೊದಲ ಪುಟದಲ್ಲೇ ಕಾಣುತ್ತಿದ್ದೂ ಯಾರೂ ಒತ್ತದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಪುಟದ ಶೀರ್ಷಿಕೆಯನ್ನು. ಅದನ್ನು ತಿದ್ದಿ, ಸರ್ಚ್ ಕನ್ಸೋಲ್‌ನ ಯುಆರ್‌ಎಲ್ ಇನ್‌ಸ್ಪೆಕ್ಷನ್‌ನಲ್ಲಿ ಪುಟದ ವಿಳಾಸ ಹಾಕಿ ‘ರಿಕ್ವೆಸ್ಟ್ ಇಂಡೆಕ್ಸಿಂಗ್’ (ಪುಟವನ್ನು ಮತ್ತೆ ನೋಡುವಂತೆ ಗೂಗಲ್‌ಗೆ ಕೋರಿಕೆ) ಒತ್ತಿ, ನಾಲ್ಕು ವಾರ ಬಿಟ್ಟು ಮತ್ತೆ ನೋಡಿ.