ಬಿಟ್ಟ ಪುಟದಿಂದ ಹೊಸ ಪುಸ್ತಕಕ್ಕೆ: ಶಿಫಾರಸಿನ ಕೆಲಸದಲ್ಲಿ ನನ್ನ ಅನುಭವ

ಓದುಗರ ಬಳಗವೊಂದರಲ್ಲಿ ವಯಸ್ಕರಿಗೆ ಹೊಸ ಪುಸ್ತಕಗಳನ್ನು ಸೂಚಿಸುವ ಕೆಲಸವನ್ನು ನಾನು ಹೆಚ್ಚುಕಡಿಮೆ ಒಂಬತ್ತು ವರ್ಷಗಳಿಂದ ಮಾಡಿಕೊಂಡು ಬಂದಿದ್ದೇನೆ. ಮೊದಲ ಐದು ವರ್ಷ ಎಲ್ಲರೂ ಮಾಡುವಂತೆಯೇ ಮಾಡಿದೆ. ‘ನಿಮಗೆ ಯಾವ ಬಗೆಯದು ಇಷ್ಟ?’ ಎಂದು ಕೇಳುವುದು, ಪತ್ತೇದಾರಿ ಎಂದವರಿಗೆ ಪತ್ತೇದಾರಿ, ವಿಜ್ಞಾನ ಕಥೆ ಎಂದವರಿಗೆ ವಿಜ್ಞಾನ ಕಥೆ ಕೊಟ್ಟು ಕಳುಹಿಸುವುದು, ತಿಂಗಳು ಕಳೆದ ಮೇಲೆ ಆ ಪುಸ್ತಕ ಓದದೆಯೇ ವಾಪಸು ಬಂದಾಗ ಸುಮ್ಮನೆ ಕಪಾಟಿಗೆ ಸೇರಿಸುವುದು. ಕಳೆದ ನಾಲ್ಕು ವರ್ಷಗಳಿಂದ ನಾನು ಆ ಪ್ರಶ್ನೆಯನ್ನು ಬಿಟ್ಟು, ‘ನೀವು ಈಚೆಗೆ ಅರ್ಧಕ್ಕೆ ಬಿಟ್ಟ ಪುಸ್ತಕ ಯಾವುದು, ಎಲ್ಲಿ ಬಿಟ್ಟಿರಿ?’ ಎಂದು ಕೇಳುತ್ತಿದ್ದೇನೆ. ಇದನ್ನು ಬಳಗದ ಸಭೆಯಲ್ಲಿ ಮೊದಲು ಹೇಳಿದಾಗ ಹಿರಿಯರಲ್ಲಿ ಒಬ್ಬರೂ ಒಪ್ಪಲಿಲ್ಲ. ಓದದೆ ಬಿಟ್ಟದ್ದನ್ನು ಯಾರು ಬಾಯಿಬಿಟ್ಟು ಹೇಳುತ್ತಾರೆ, ಓದುಗರಿಗೆ ಮುಜುಗರವಾಗಿ ಬರುವುದನ್ನೇ ನಿಲ್ಲಿಸಿಬಿಡುತ್ತಾರೆ ಎಂಬುದು ಅವರ ಅಳುಕಾಗಿತ್ತು. ಈಗ ಅವರಲ್ಲೇ ಇಬ್ಬರು ನನ್ನ ಟಿಪ್ಪಣಿ ಪುಸ್ತಕವನ್ನು ಎರವಲು ಕೇಳುತ್ತಿರುವುದರಿಂದ ಇದನ್ನು ಬರೆಯುವ ಧೈರ್ಯ ಬಂದಿದೆ.

ಓದುಗರು ಪುಸ್ತಕದೊಳಕ್ಕೆ ಹೋಗುವ ದಾರಿಗಳೆಂದು ಅಮೆರಿಕದ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ ಹೇಳಿದ ನಾಲ್ಕು ಬಾಗಿಲುಗಳನ್ನೂ (ಕಥೆ, ಪಾತ್ರ, ಪರಿಸರ, ಭಾಷೆ) ಗ್ರಂಥಾಲಯ ವಿಜ್ಞಾನಿ ರಂಗನಾಥನ್ ಅವರು 1931ರಲ್ಲಿ ಕೊಟ್ಟ ಗ್ರಂಥಾಲಯದ ಐದು ಸೂತ್ರಗಳನ್ನೂ ಈ ಕೆಲಸದಲ್ಲಿರುವವರೆಲ್ಲ ಬಲ್ಲರು, ಆದ್ದರಿಂದ ಅವನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ನನ್ನನ್ನು ಬದಲಿಸಿದ್ದು ಸಿದ್ಧಾಂತವಲ್ಲ, ನಷ್ಟ. ಆರನೆಯ ವರ್ಷದ ಆರಂಭದಲ್ಲಿ ದೊಡ್ಡ ಪ್ರಶಸ್ತಿ ಪಡೆದ ಕಾದಂಬರಿಯೊಂದರ ಹನ್ನೆರಡು ಪ್ರತಿಗಳನ್ನು ನನ್ನ ಮಾತಿನ ಮೇಲೆ ಬಳಗದ ಸಾಮಾನ್ಯ ನಿಧಿಯಿಂದ ತರಿಸಿದೆವು. ನೆನಪಿನಿಂದ ಹೇಳುವುದಾದರೆ ಆ ವರ್ಷದ ಖರೀದಿ ಹಣದಲ್ಲಿ ಮೂರನೇ ಒಂದು ಭಾಗ ಅದಕ್ಕೇ ಹೋಯಿತು. ಕೊನೆಯ ಪುಟ ಮುಟ್ಟಿದವರು ನಾಲ್ಕೇ ಜನ. ಉಳಿದ ಎಂಟು ಪ್ರತಿಗಳಲ್ಲಿ ಆರನ್ನು ಅರ್ಧಕ್ಕಿಂತ ಕಡಿಮೆ ಬೆಲೆಗೆ ಹಳೆಯ ಪುಸ್ತಕದವರಿಗೆ ಮಾರಿದೆವು, ಆ ವರ್ಷದ ಕೊನೆಯಲ್ಲಿ ಲೆಕ್ಕಪತ್ರ ಓದಿದಾಗ ಸಭೆಯಲ್ಲಿ ನನಗೆ ತಲೆಯೆತ್ತಲು ಆಗಲಿಲ್ಲ. ಪುಸ್ತಕ ಕೆಟ್ಟದ್ದಾಗಿರಲಿಲ್ಲ, ನಾನು ಇಂದಿಗೂ ಅದನ್ನು ಮೆಚ್ಚುತ್ತೇನೆ. ಅದು ಯಾರಿಗೆ ಸಲ್ಲುತ್ತದೆ ಎಂಬುದನ್ನು ನೋಡದೆ ಎಲ್ಲರ ಕೈಗೂ ಕೊಟ್ಟದ್ದು ತಪ್ಪು.

ಮಾರುವ ಮೊದಲು ಆ ಪ್ರತಿಗಳನ್ನು ಒರೆಸಿ ಜೋಡಿಸುತ್ತಿದ್ದಾಗ ಕಣ್ಣಿಗೆ ಬಿದ್ದ ಸಂಗತಿಯೇ ಈ ವಿಧಾನದ ಬೇರು. ರಟ್ಟಿಲ್ಲದ ತೆಳು ಹೊದಿಕೆಯ ಪುಸ್ತಕವನ್ನು ಎಲ್ಲಿಯವರೆಗೆ ಓದಿರುತ್ತಾರೋ ಅಲ್ಲಿಯವರೆಗೆ ಮಾತ್ರ ಬೆನ್ನಿನ ಮೇಲೆ ಬಿಳಿ ಗೆರೆಗಳು ಮೂಡಿರುತ್ತವೆ, ಹಾಳೆಗಳ ಹೊರ ಅಂಚು ಬೆರಳಿನ ಸ್ಪರ್ಶಕ್ಕೆ ಅಷ್ಟೇ ಮಾಸಿರುತ್ತದೆ, ಅದರಾಚೆಗಿನದು ಅಂಗಡಿಯಿಂದ ಬಂದಂತೆಯೇ ಇರುತ್ತದೆ. ಎಂಟೂ ಪ್ರತಿಗಳನ್ನು ಸಾಲಾಗಿ ನಿಲ್ಲಿಸಿ ನೋಡಿದರೆ ಐದರಲ್ಲಿ ಆ ಮಾಸಿದ ಪಟ್ಟಿ ಒಂದೇ ಜಾಗದಲ್ಲಿ ಮುಗಿದಿತ್ತು. ಒಂದರೊಳಗೆ ಔಷಧದ ರಸೀದಿಯೊಂದು ಗುರುತಿಗೆ ಇಟ್ಟಂತೆಯೇ ಉಳಿದಿತ್ತು. ಆ ಪುಟ ತೆರೆದು ಓದಿದೆ: ಕಥೆ ಹೇಳುತ್ತಿದ್ದ ದನಿ ಬದಲಾಗಿ, ಅದುವರೆಗೆ ಪರಿಚಯವಾಗಿದ್ದ ಪಾತ್ರಗಳನ್ನೆಲ್ಲ ಬಿಟ್ಟು ಮೂವತ್ತು ವರ್ಷ ಹಿಂದಕ್ಕೆ ಹೋಗುವ ಜಾಗ ಅದು. ಐವರು ಬೇರೆ ಬೇರೆ ಅಭಿರುಚಿಯವರು, ಆದರೂ ಬಿಟ್ಟದ್ದು ಒಂದೇ ಕಡೆ. ಅವರು ಇಷ್ಟಪಡುವ ಪುಸ್ತಕಗಳ ಪಟ್ಟಿಯಿಂದ ನನಗೆ ಇದು ಎಂದೂ ತಿಳಿಯುತ್ತಿರಲಿಲ್ಲ.

ಅಂದಿನಿಂದ ವಾಪಸು ಬಂದ ಪ್ರತಿ ಪುಸ್ತಕದ ಬೆನ್ನು, ಅಂಚು, ಒಳಗೆ ಉಳಿದ ಗುರುತು ಇವನ್ನು ನೋಡಿ ಬರೆದಿಡತೊಡಗಿದೆ, ಓದುಗರನ್ನು ಬಾಯಿಮಾತಿನಲ್ಲೂ ಕೇಳತೊಡಗಿದೆ. ಮುಜುಗರದ ವಿಷಯದಲ್ಲಿ ಹಿರಿಯರ ಅಂದಾಜು ಪೂರ್ತಿ ಸುಳ್ಳಾಗಿರಲಿಲ್ಲ. ಮೊದಲ ಎರಡು ತಿಂಗಳು ಹೆಚ್ಚಿನವರು ‘ಸಮಯವಾಗಲಿಲ್ಲ’ ಎಂದಷ್ಟೇ ಹೇಳುತ್ತಿದ್ದರು. ನಾನು ಬಿಟ್ಟ ಪುಸ್ತಕವನ್ನು ನಾನೇ ಮೊದಲು ಹೇಳತೊಡಗಿದ ಮೇಲೆ ಅವರ ಬಾಯಿ ಬಿಚ್ಚಿತು. ಈಗ ಟಿಪ್ಪಣಿಯಲ್ಲಿ ಸುಮಾರು ನಾನೂರು ನಮೂದುಗಳಿವೆ. ಮುಕ್ಕಾಲು ಪಾಲು ನಿಲುಗಡೆಗಳು ಮೂವತ್ತರಿಂದ ಅರವತ್ತನೆಯ ಪುಟದೊಳಗೆ ಇವೆ. ಐವತ್ತು ಪುಟ ಓದಿಯೂ ಹಿಡಿಸದ ಪುಸ್ತಕವನ್ನು ಬಿಟ್ಟುಬಿಡಬಹುದೆಂಬ ಪರ್ಲ್ ಅವರ ನಿಯಮವನ್ನು, ಐವತ್ತು ದಾಟಿದವರು ನೂರರಿಂದ ತಮ್ಮ ವಯಸ್ಸನ್ನು ಕಳೆದು ಉಳಿದಷ್ಟು ಪುಟ ಓದಿದರೆ ಸಾಕೆಂಬ ಅದರ ಉಪನಿಯಮದೊಂದಿಗೆ, ನಮ್ಮ ಓದುಗರು ಗೊತ್ತಿಲ್ಲದೆಯೇ ಪಾಲಿಸುತ್ತಿದ್ದರು.

ಪ್ರಕಾರದ ಹೆಸರನ್ನು ನಂಬಿ ಕೆಟ್ಟದ್ದಕ್ಕೆ ಅತ್ಯಂತ ಸ್ಪಷ್ಟ ಉದಾಹರಣೆ ಅಂತರಿಕ್ಷದ ಎರಡು ಪುಸ್ತಕಗಳು. ಆಂಡಿ ವಿಯರ್ ಅವರ ‘ಪ್ರಾಜೆಕ್ಟ್ ಹೇಲ್ ಮೇರಿ’ 2021ರಲ್ಲಿ ಬಂದದ್ದು. ತನ್ನ ಹೆಸರೂ ನೆನಪಿಲ್ಲದೆ ನೌಕೆಯೊಂದರಲ್ಲಿ ಎಚ್ಚರಗೊಳ್ಳುವ ಶಾಲಾ ಶಿಕ್ಷಕನೊಬ್ಬ ಮಂಕಾಗುತ್ತಿರುವ ಸೂರ್ಯನನ್ನು ಉಳಿಸುವ ದಾರಿಯನ್ನು ಒಂದಾದ ಮೇಲೊಂದು ಲೆಕ್ಕ ಬಿಡಿಸುತ್ತಾ ಹುಡುಕುವ ಕಥೆ ಅದು. ಅದನ್ನು ಎರಡೇ ರಾತ್ರಿಯಲ್ಲಿ ಮುಗಿಸಿ ‘ಇಂಥದ್ದೇ ಇನ್ನೊಂದು ಕೊಡಿ’ ಎಂದು ಬಂದ ಎಂಜಿನಿಯರ್ ಒಬ್ಬರಿಗೆ ನಾನು ಉತ್ಸಾಹದಿಂದ ಸಮಂತಾ ಹಾರ್ವಿ ಅವರ ‘ಆರ್ಬಿಟಲ್’ ಕೊಟ್ಟೆ. ಆರು ಜನ ಗಗನಯಾತ್ರಿಗಳು ಒಂದು ದಿನದಲ್ಲಿ ಭೂಮಿಯನ್ನು ಹದಿನಾರು ಬಾರಿ ಸುತ್ತುವುದಷ್ಟೇ ಅದರ ಕಥಾವಸ್ತು. 2024ರ ಬೂಕರ್ ಪ್ರಶಸ್ತಿ ಅದಕ್ಕೆ ಬಂದಿತ್ತು, ನೂರನಲವತ್ತು ಪುಟವೂ ಇಲ್ಲದ ಕಿರು ಪುಸ್ತಕ. ಮೂರನೆಯ ದಿನಕ್ಕೆ ವಾಪಸು ಬಂತು, ಅಂಚು ಮಾಸಿದ್ದು ಇಪ್ಪತ್ತು ಪುಟದವರೆಗೆ ಮಾತ್ರ. ‘ಇದರಲ್ಲಿ ಏನೂ ಕೆಡುವುದಿಲ್ಲ, ಹಾಗಾಗಿ ಸರಿಪಡಿಸುವುದಕ್ಕೂ ಏನಿಲ್ಲ’ ಎಂದರು ಅವರು. ವಿಮರ್ಶಕರು ಪುಟಗಟ್ಟಲೆ ಬರೆದರೂ ನನಗೆ ಕಾಣದಿದ್ದ ವ್ಯತ್ಯಾಸವನ್ನು ಆ ಒಂದು ವಾಕ್ಯ ಕಾಣಿಸಿತು. ಅವರಿಗೆ ಬೇಕಾದದ್ದು ಅಂತರಿಕ್ಷವಲ್ಲ, ಕೆಟ್ಟದ್ದನ್ನು ಕೈಯಾರೆ ಸರಿಪಡಿಸುವ ಮನುಷ್ಯ.

ಆ ಸುಳಿವು ಹಿಡಿದು ಅವರಿಗೆ ಮುಂದೆ ಕೊಟ್ಟದ್ದು ವಿಜ್ಞಾನ ಕಥೆಯೇ ಅಲ್ಲ. ಪ್ಯಾಟ್ರಿಕ್ ರಾಡನ್ ಕೀಫ್ ಅವರ ‘ಸೇ ನಥಿಂಗ್’ ನೈಜ ಘಟನೆಗಳ ಪುಸ್ತಕ. 1972ರ ಡಿಸೆಂಬರಿನಲ್ಲಿ ಬೆಲ್‌ಫಾಸ್ಟ್‌ನಲ್ಲಿ ಹತ್ತು ಮಕ್ಕಳ ತಾಯಿಯೊಬ್ಬಳನ್ನು ಮನೆಯಿಂದ ಎಳೆದೊಯ್ದ ಪ್ರಕರಣದಿಂದ ಆರಂಭವಾಗಿ, ದಶಕಗಳ ಸಾಕ್ಷ್ಯಗಳನ್ನು ಒಂದೊಂದಾಗಿ ಜೋಡಿಸುತ್ತಾ ಹೋಗುತ್ತದೆ. ಕಥೇತರ ಸಾಹಿತ್ಯವನ್ನು ಎಂದೂ ಮುಟ್ಟದ ಆ ಓದುಗರು ಅದನ್ನು ಮುಗಿಸಿ, ನಂತರ ಅದೇ ಲೇಖಕರ ‘ಎಂಪೈರ್ ಆಫ್ ಪೇನ್’ ಅನ್ನೂ ಕೇಳಿ ಪಡೆದರು. ಐನೂರು ಪುಟ ಮೀರಿದ ಗ್ರಂಥವದು, 2021ರಲ್ಲಿ ಕಥೇತರ ಕೃತಿಗಳಿಗೆ ಕೊಡುವ ಬೇಲಿ ಗಿಫರ್ಡ್ ಪ್ರಶಸ್ತಿ ಪಡೆದದ್ದು. ದಪ್ಪ ಪುಸ್ತಕವೆಂದರೆ ಓದುಗರು ಹಿಂಜರಿಯುತ್ತಾರೆ ಎಂಬ ನಮ್ಮ ನಂಬಿಕೆಗೆ ನನ್ನ ಟಿಪ್ಪಣಿಯಲ್ಲಿ ಹೆಚ್ಚಿನ ಆಧಾರ ಸಿಗುವುದಿಲ್ಲ.

‘ಆರ್ಬಿಟಲ್’ಗೆ ಅದರ ಓದುಗರು ಸಿಕ್ಕಿದ್ದು ಎಂಟು ತಿಂಗಳ ಮೇಲೆ, ಅದೂ ಅಂತರಿಕ್ಷದ ಗಂಧಗಾಳಿಯೂ ಇಲ್ಲದ ಕಡೆಯಿಂದ. ನಿವೃತ್ತ ನರ್ಸ್ ಒಬ್ಬರು ಬಲು ಜನಪ್ರಿಯವಾದ ಥ್ರಿಲರ್ ಒಂದನ್ನು ಬಿಟ್ಟುಬಂದಿದ್ದರು. ‘ಅಧ್ಯಾಯದ ಕೊನೆಯಲ್ಲಿ ಪ್ರತಿ ಸಲವೂ ಯಾರೋ ಬಾಗಿಲು ತಟ್ಟುತ್ತಾರೆ, ನನಗೆ ಉಸಿರಾಡುವುದಕ್ಕೆ ಬಿಡುವುದಿಲ್ಲ’ ಎಂಬುದು ಅವರ ದೂರು. ಅವರಿಗೆ ಮೊದಲು ಕ್ಲೇರ್ ಕೀಗನ್ ಅವರ ‘ಸ್ಮಾಲ್ ಥಿಂಗ್ಸ್ ಲೈಕ್ ದೀಸ್’ ಕೊಟ್ಟೆ. ಐರ್ಲೆಂಡಿನಲ್ಲಿ 1985ರ ಕ್ರಿಸ್ಮಸ್‌ಗೆ ಮುಂಚಿನ ದಿನಗಳಲ್ಲಿ ಕಲ್ಲಿದ್ದಲು ಮಾರುವವನೊಬ್ಬ ಕಾನ್ವೆಂಟಿನ ಕಲ್ಲಿದ್ದಲ ಕೊಟ್ಟಿಗೆಯಲ್ಲಿ ಹುಡುಗಿಯೊಬ್ಬಳನ್ನು ಕಾಣುತ್ತಾನೆ, ಅದನ್ನು ಕಂಡ ಮೇಲೆ ಸುಮ್ಮನಿರುವುದೋ ಬೇಡವೋ ಎಂಬುದೇ ಇಡೀ ಪುಸ್ತಕ. ಅದನ್ನು ಅವರು ಎರಡು ಸಲ ಓದಿದರು. ಆಮೇಲೆ ಕೊಟ್ಟ ‘ಆರ್ಬಿಟಲ್’ ಅನ್ನು ತಮ್ಮ ಹಣದಲ್ಲಿ ಇನ್ನೊಂದು ಪ್ರತಿ ತರಿಸಿ ಬಳಗಕ್ಕೆ ಕೊಟ್ಟರು. ಪ್ರತಿ ಪುಸ್ತಕಕ್ಕೂ ಅದರ ಓದುಗ ಎಂಬ ರಂಗನಾಥನ್ ಸೂತ್ರವನ್ನು ನಾನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ, ಅದು ಕಣ್ಣೆದುರು ನಡೆದದ್ದನ್ನು ಕಂಡದ್ದು ಆಗಲೇ.

ನಿಲುಗಡೆಯ ಜಾಗ ಮೊದಲೇ ಗೊತ್ತಿದ್ದರೆ ಅಲ್ಲಿ ಓದುಗರನ್ನು ಕೈಹಿಡಿದು ದಾಟಿಸಲೂಬಹುದು. ಗೀತಾಂಜಲಿ ಶ್ರೀ ಅವರ ಹಿಂದಿ ಕಾದಂಬರಿ ‘ರೇತ್ ಸಮಾಧಿ’, ಡೇಸಿ ರಾಕ್‌ವೆಲ್ ಮಾಡಿದ ಇಂಗ್ಲಿಷ್ ಅನುವಾದಕ್ಕೆ 2022ರ ಅಂತರರಾಷ್ಟ್ರೀಯ ಬೂಕರ್ ಬಂದದ್ದು, ಗಂಡ ತೀರಿಕೊಂಡ ಮೇಲೆ ಎಂಬತ್ತರ ಅಜ್ಜಿಯೊಬ್ಬಳು ಎಲ್ಲರಿಗೂ ಬೆನ್ನು ತಿರುಗಿಸಿ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಡುವುದರಿಂದ ತೊಡಗುತ್ತದೆ. ನಮ್ಮಲ್ಲಿ ಏಳು ಜನರಲ್ಲಿ ಐವರು ಅವಳು ಏಳುವ ಮೊದಲೇ ಪುಸ್ತಕವನ್ನು ಕೆಳಗಿಟ್ಟಿದ್ದರು. ಎರಡನೆಯ ಸುತ್ತಿನಲ್ಲಿ ಪುಸ್ತಕದ ಜೊತೆ ನಾನೊಂದು ಚೀಟಿ ಇಟ್ಟೆ. ‘ಅಜ್ಜಿ ಏಳುತ್ತಾಳೆ, ಗಡಿ ದಾಟಿ ಹೋಗುತ್ತಾಳೆ, ಅಲ್ಲಿಯವರೆಗೆ ಅವಳ ಜೊತೆ ಮಲಗಿರಿ’ ಎಂದಷ್ಟೇ ಅದರಲ್ಲಿ ಬರೆದಿದ್ದೆ. ಕಥೆಯ ಗುಟ್ಟು ಬಿಟ್ಟುಕೊಟ್ಟೆನೆಂದು ಒಬ್ಬರು ಆಕ್ಷೇಪಿಸಿದರು, ಆದರೆ ಆ ಸುತ್ತಿನಲ್ಲಿ ಆರು ಜನರಲ್ಲಿ ನಾಲ್ವರು ಮುಗಿಸಿದರು. ಸುಸಾನಾ ಕ್ಲಾರ್ಕ್ ಅವರ ‘ಪಿರನೇಸಿ’ಗೂ ಇದೇ ಉಪಾಯ ಮಾಡಿದೆ. ಕೊನೆಯಿಲ್ಲದ ಸಭಾಂಗಣಗಳು, ಪ್ರತಿಮೆಗಳು, ಕೆಳಗಿನ ಅಂಗಣಗಳಿಗೆ ನುಗ್ಗುವ ಸಮುದ್ರ, ಇವುಗಳ ನಡುವೆ ಬದುಕುವವನೊಬ್ಬನ ದಿನಚರಿಯಾಗಿರುವ ಆ ಕೃತಿಯ ಮೊದಲ ಪುಟಗಳಲ್ಲಿ ಏನೂ ತಿಳಿಯದಿರುವುದೇ ಸಹಜ ಎಂದು ಮೊದಲೇ ಹೇಳಿಬಿಟ್ಟರೆ, ಕಲ್ಪನಾಲೋಕದ ಕಥೆ ಎಂದರೆ ಮೂಗು ಮುರಿಯುವವರೂ ಮುಂದಕ್ಕೆ ಹೋಗುತ್ತಾರೆ. ಪತ್ತೇದಾರಿ ಓದುಗರೇ ಅದನ್ನು ಅತಿ ಹೆಚ್ಚು ಮೆಚ್ಚಿದರು, ಏಕೆಂದರೆ ಅದರ ಒಳಗಿರುವುದು ಒಂದು ಪತ್ತೆಯೇ.

ಇದರ ನಡುವೆ ಮಾಡಿದ ಅಡ್ಡ ಪ್ರಯೋಗಗಳಲ್ಲಿ ಒಂದು ಪೂರ್ತಿ ಸೋತಿತು. ಪುಸ್ತಕಗಳನ್ನು ಕಂದು ಕಾಗದದಲ್ಲಿ ಸುತ್ತಿ, ಮೇಲೆ ಎರಡು ಸಾಲು ಬರೆದು, ಹೆಸರು ನೋಡದೆ ಆರಿಸಿಕೊಳ್ಳಲು ಇಟ್ಟೆವು. ಮೇಜಿನ ಸುತ್ತ ಜನ ಸೇರಿದರು, ಇಪ್ಪತ್ತೈದು ಪುಸ್ತಕಗಳೂ ಒಂದೇ ಸಂಜೆಗೆ ಖಾಲಿಯಾದವು, ಮುಗಿಸಿ ತಂದವರು ಮಾತ್ರ ಐದಾರು ಜನ. ಇನ್ನೊಂದು ಪ್ರಯೋಗ ಆಕಸ್ಮಿಕವಾಗಿ ಫಲ ಕೊಟ್ಟಿತು. ಅರವತ್ತು ದಾಟಿದ ಕೆಲವರ ನಿಲುಗಡೆಗಳಿಗೆ ಕಥೆಯಲ್ಲಿ ಯಾವ ಕಾರಣವೂ ಸಿಗದೆ ನಾನು ತಲೆ ಕೆಡಿಸಿಕೊಂಡಿದ್ದಾಗ, ಅವರು ಬಿಟ್ಟ ಪುಸ್ತಕಗಳನ್ನು ಒಂದರ ಪಕ್ಕ ಒಂದಿಟ್ಟು ತೆರೆದು ನೋಡಿದೆ. ಎಲ್ಲವೂ ಇಕ್ಕಟ್ಟಾದ ಸಾಲುಗಳ, ಸಣ್ಣ ಅಕ್ಷರದ, ಬೆನ್ನಿನ ಕಡೆ ಅಂಚು ಬಿಡದೆ ಮುದ್ರಿಸಿದ ಅಗ್ಗದ ಆವೃತ್ತಿಗಳಾಗಿದ್ದವು. ‘ಕಥೆ ಹಿಡಿಸಲಿಲ್ಲ’ ಎಂದು ಅವರು ಹೇಳುತ್ತಿದ್ದದ್ದು ಕಣ್ಣು ನೋಯುತ್ತದೆ ಎನ್ನಲು ಹಿಂಜರಿದು. ರಿಚರ್ಡ್ ಓಸ್ಮನ್ ಅವರ ‘ದಿ ಥರ್ಸ್‌ಡೇ ಮರ್ಡರ್ ಕ್ಲಬ್’, ನಿವೃತ್ತರ ವಸತಿಯ ನಾಲ್ವರು ಹಿರಿಯರು ಹಳೆಯ ಕೊಲೆಗಳ ಕಡತ ಬಿಚ್ಚುತ್ತಾ ಹೊಸದೊಂದಕ್ಕೆ ಸಿಕ್ಕಿಕೊಳ್ಳುವ 2020ರ ಕಾದಂಬರಿ, ಅದೇ ಓದುಗರಿಂದ ಎರಡು ಬಾರಿ ವಾಪಸು ಬಂದಿತ್ತು. ದೊಡ್ಡ ಅಕ್ಷರದ ಪ್ರತಿ ತರಿಸಿದ ಮೇಲೆ ಅದು ಐದು ತಿಂಗಳು ಕಪಾಟಿಗೆ ಮರಳಲೇ ಇಲ್ಲ. ದೊಡ್ಡ ಅಕ್ಷರದ ಆವೃತ್ತಿಗೆ ಬೆಲೆ ಹೆಚ್ಚು ಎಂದು ಖಜಾಂಚಿಯವರು ತಕರಾರು ತೆಗೆದಾಗ ನಾನು ಆ ಹನ್ನೆರಡು ಪ್ರತಿಗಳ ಲೆಕ್ಕವನ್ನೇ ಅವರ ಮುಂದಿಟ್ಟೆ. ಓದದೆ ಮಾರಿದ ಆರು ಪ್ರತಿಗಳ ನಷ್ಟದಲ್ಲಿ ದೊಡ್ಡ ಅಕ್ಷರದ ಮೂರು ಪುಸ್ತಕ ಬರುತ್ತಿದ್ದವು.

ಹಣದ ಮಾತು ಬಂದದ್ದರಿಂದ ಹೇಳುತ್ತೇನೆ: ಈಗ ನಾವು ಯಾವ ಹೊಸ ಪುಸ್ತಕವನ್ನೂ ಮೊದಲಿಗೆ ಎರಡು ಪ್ರತಿಗಿಂತ ಹೆಚ್ಚು ತರಿಸುವುದಿಲ್ಲ, ಎರಡೂ ಮುಗಿದು ಬಂದರೆ ಮಾತ್ರ ಮೂರನೆಯದು. ಪರ್ಸಿವಲ್ ಎವರೆಟ್ ಅವರ ‘ಜೇಮ್ಸ್’, ಮಾರ್ಕ್ ಟ್ವೈನ್ ಬರೆದ ಹಕಲ್‌ಬರಿ ಫಿನ್‌ನ ಕಥೆಯನ್ನು ಓಡಿಹೋಗುತ್ತಿರುವ ಗುಲಾಮ ಜಿಮ್‌ನ ಬಾಯಿಂದಲೇ ಹೇಳಿಸಿ 2025ರ ಪುಲಿಟ್ಜರ್ ಪಡೆದ ಕಾದಂಬರಿ, ಹೀಗೆ ಏಳನೆಯ ಪ್ರತಿಯವರೆಗೆ ಹೋಗಿದೆ, ಒಂದರಲ್ಲೂ ನಡುವೆ ನಿಂತ ಗುರುತಿಲ್ಲ. ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳನ್ನು ದೀಪಾ ಭಾಸ್ತಿ ಅನುವಾದಿಸಿ 2025ರ ಅಂತರರಾಷ್ಟ್ರೀಯ ಬೂಕರ್ ಪಡೆದ ‘ಹಾರ್ಟ್ ಲ್ಯಾಂಪ್’ ನಾಲ್ಕನೆಯದರಲ್ಲಿದೆ. ಕಥಾಸಂಕಲನಗಳನ್ನು ವಯಸ್ಕ ಓದುಗರು ಕೇಳುವುದಿಲ್ಲ ಎಂದು ನನಗೆ ಹೇಳಿದವರೇ ಅದನ್ನು ಒಂದೊಂದು ಕಥೆಗೆ ಒಂದೊಂದು ಸಂಜೆಯಂತೆ ಓದಿ ಮುಗಿಸಿದ್ದಾರೆ.

ಮೊದಲು ಹತ್ತು ಶಿಫಾರಸುಗಳಲ್ಲಿ ಮೂರು ಪೂರ್ತಿ ಓದಿಸಿಕೊಳ್ಳುತ್ತಿದ್ದವು, ಈಗ ಆರು, ಕೆಲವು ತಿಂಗಳು ಏಳು. ನನಗೆ ತಿಳಿದಂತೆ ನಮ್ಮ ಸುತ್ತಿನ ಬಳಗಗಳಲ್ಲಿ ಯಾರೂ ಈ ಅಂಕಿಯ ಹತ್ತಿರ ಬಂದಿಲ್ಲ, ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಯಾವ ಪುಸ್ತಕ ಬಿಟ್ಟಿರಿ, ಎಲ್ಲಿ ಬಿಟ್ಟಿರಿ ಎಂಬ ಎರಡು ಪ್ರಶ್ನೆಗಳಾದ ಮೇಲೆ ನಾನು ಕೇಳುವ ಮೂರನೆಯ ಪ್ರಶ್ನೆಯೊಂದಿದೆ, ಅದರ ಉತ್ತರದಿಂದಲೇ ಮೂರು ಪುಸ್ತಕಗಳನ್ನು ಯಾವ ಕ್ರಮದಲ್ಲಿ ಕೈಗಿಡಬೇಕು ಎಂದು ನಿರ್ಧರಿಸುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಎರಡು ಪ್ರಶ್ನೆಗಳನ್ನು ಆರು ತಿಂಗಳು ಕೇಳಿ, ಉತ್ತರಗಳನ್ನು ಅವರವರ ಮಾತಿನಲ್ಲೇ, ಒಂದು ಪದವನ್ನೂ ತಿದ್ದದೆ ಬರೆದಿಟ್ಟವರಿಗೆ ಮೂರನೆಯದು ತಾನಾಗಿ ಹೊಳೆಯುತ್ತದೆ.

ಕವಿತೆಯ ಮುಂದೆ ಮಾತ್ರ ಈ ವಿಧಾನ ಇನ್ನೂ ಕೈಕಟ್ಟಿ ನಿಂತಿದೆ. ಕವನ ಸಂಕಲನವನ್ನು ಯಾರೂ ಮೊದಲ ಪುಟದಿಂದ ಕೊನೆಯವರೆಗೆ ಓದುವುದಿಲ್ಲ, ಎಲ್ಲೋ ತೆರೆಯುತ್ತಾರೆ, ಎಲ್ಲೋ ನಿಲ್ಲುತ್ತಾರೆ, ಅಂಚು ಅಲ್ಲಲ್ಲಿ ಮಾಸಿರುತ್ತದೆ, ಬೆನ್ನು ಒಂದೇ ಕಡೆ ಸೀಳಿರುತ್ತದೆ. ಆ ಸೀಳಿದ ಜಾಗವೆಂದರೆ ಬಿಟ್ಟ ಜಾಗವಲ್ಲ, ಮತ್ತೆ ಮತ್ತೆ ಮರಳಿ ಬಂದ ಜಾಗ. ಹಾಗಾಗಿ ಕಳೆದ ಬೇಸಿಗೆಯಿಂದ ಟಿಪ್ಪಣಿ ಪುಸ್ತಕವನ್ನು ಹಿಂದುಮುಂದಾಗಿ ತಿರುಗಿಸಿ, ಕೊನೆಯ ಹಾಳೆಯಿಂದ ಕವಿತೆಗಳಿಗೆಂದೇ ಬೇರೆ ನಮೂದು ತೆರೆದಿದ್ದೇನೆ. ಅಲ್ಲಿ ಈವರೆಗೆ ಹನ್ನೊಂದು ಸಾಲುಗಳಿವೆ.