ಸತ್ತ ಹೋಮ್ ಥಿಯೇಟರಿನ ಸ್ಪೀಕರುಗಳಿಗೆ ಹೊಸ ಆಂಪ್ಲಿಫೈಯರ್: ನನ್ನ ಅನುಭವ

ಹಳೆಯ 5.1 (ಐದು ಸ್ಪೀಕರ್, ಒಂದು ಸಬ್‌ವೂಫರ್) ಡಿವಿಡಿ ಹೋಮ್ ಥಿಯೇಟರ್ ಕೆಟ್ಟಿದೆ ಅಂದರೆ ಬಹುಪಾಲು ಕೆಟ್ಟಿರುವುದು ಮುಖ್ಯ ಪೆಟ್ಟಿಗೆ ಮಾತ್ರ. ಲೆನ್ಸ್ ಹೋಗಿರುತ್ತದೆ, ಸಿಡಿಲಿಗೆ ಪವರ್ ಸಪ್ಲೈ ಸುಟ್ಟಿರುತ್ತದೆ, ಇಲ್ಲವೇ ಆನ್ ಮಾಡಿದ ಕೂಡಲೇ ‘ಪ್ರೊಟೆಕ್ಟ್’ ಎಂದು ತೋರಿಸಿ ಆಫ್ ಆಗುತ್ತದೆ. ಪ್ರೊಟೆಕ್ಟ್ ಬರುತ್ತಿದ್ದರೆ ಮೊದಲು ಎಲ್ಲ ಸ್ಪೀಕರ್ ವೈರುಗಳನ್ನೂ ಕಿತ್ತು ಆನ್ ಮಾಡಿ ನೋಡಿ. ಆಗ ಆಫ್ ಆಗದೆ ನಿಂತರೆ ಎಲ್ಲೋ ವೈರ್ ಶಾರ್ಟ್ ಆಗಿದೆ ಅಥವಾ ಒಂದು ಸ್ಪೀಕರಿನ ಕಾಯಿಲ್ ಸುಟ್ಟಿದೆ. ಖರ್ಚಿಲ್ಲದೆ ಕೆಲಸ ಮುಗಿಯಿತು. ಸ್ಪೀಕರ್ ಇಲ್ಲದೆಯೂ ಪ್ರೊಟೆಕ್ಟ್ ಬಂದರೆ ಔಟ್‌ಪುಟ್ ಐಸಿ ಹೋಗಿರುವ ಸಾಧ್ಯತೆಯೇ ಹೆಚ್ಚು. ಆ ಪೆಟ್ಟಿಗೆಯ ಮೇಲೆ ದುಡ್ಡು ಸುರಿಯುವುದು ನನ್ನ ಮಟ್ಟಿಗೆ ದಂಡ.

ನನ್ನ ಕೈಲಿದ್ದದ್ದು ಐದು ಸ್ಯಾಟಲೈಟ್ (ಸಣ್ಣ ಸ್ಪೀಕರ್) ಮತ್ತು ಒಂದು ಪ್ಯಾಸಿವ್, ಅಂದರೆ ಒಳಗೆ ಆಂಪ್ಲಿಫೈಯರ್ ಇಲ್ಲದ, ಸಬ್‌ವೂಫರ್ (ಬಾಸ್ ಸ್ಪೀಕರ್) ಇದ್ದ ಸೆಟ್. ನಾಲ್ಕು ಸ್ಯಾಟಲೈಟನ್ನೂ ಸಬ್ಬನ್ನೂ ಒಂದೇ 2.1 (ಎಡ, ಬಲ ಮತ್ತು ಸಬ್) ಕ್ಲಾಸ್-ಡಿ ಆಂಪ್ಲಿಫೈಯರ್ ಬೋರ್ಡಿಗೆ ಕಟ್ಟಿ ಟಿವಿಗೆ ಹಾಕಿದ್ದೇನೆ. 5.1ನ್ನೇ ಮತ್ತೆ ಎಬ್ಬಿಸಲು ಹೋಗಲಿಲ್ಲ. ಅದಕ್ಕೆ ಡಾಲ್ಬಿ ಸಿಗ್ನಲನ್ನು ಡಿಕೋಡ್ ಮಾಡಿ ಎಲ್ಲ ಸ್ಪೀಕರುಗಳನ್ನೂ ಓಡಿಸುವ ರಿಸೀವರ್ ಎಂಬ ಆಂಪ್ಲಿಫೈಯರ್ ಬೇಕು, ರಿಸೀವರಿಗೆ ಈ ಸ್ಪೀಕರುಗಳು ಹೊಂದುವುದೂ ಇಲ್ಲ.

ಹೊಂದದಿರುವುದಕ್ಕೆ ಕಾರಣ ಓಮ್, ಅಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆಯ ಅಳತೆ. ಇಂಥ ಸೆಟ್ಟುಗಳ ಸ್ಪೀಕರ್ ಹಿಂದಿನ ಚೀಟಿಯಲ್ಲಿ 3 ಅಥವಾ 4 ಓಮ್ ಎಂದಿರುತ್ತದೆ. ಅಂಗಡಿಯಲ್ಲಿ ಸಿಗುವ ರಿಸೀವರುಗಳ ಹಿಂಭಾಗದಲ್ಲಿ ಸಾಮಾನ್ಯವಾಗಿ 6 ಓಮ್‌ಗಿಂತ ಕಡಿಮೆ ಬೇಡ ಎಂದು ಬರೆದಿರುತ್ತಾರೆ. 6ರ ಜಾಗದಲ್ಲಿ 3 ಓಮ್ ಕಟ್ಟಿದರೆ ಅದೇ ವೋಲ್ಟೇಜಿಗೆ ಎರಡು ಪಟ್ಟು ಕರೆಂಟ್ ಹರಿಯುತ್ತದೆ. ಕಡಿಮೆ ಸದ್ದಿನಲ್ಲಿ ಏನೂ ಆಗುವುದಿಲ್ಲ, ಸಿನಿಮಾದ ಫೈಟ್ ಬಂದಾಗ ರಿಸೀವರ್ ಕಾದು ಟ್ರಿಪ್ ಆಗುತ್ತದೆ.

ಚೀಟಿ ಉದುರಿದ್ದರೆ ಮಲ್ಟಿಮೀಟರ್ ಸಾಕು. 200 ಓಮ್ ರೇಂಜಿಗಿಟ್ಟು, ಮೊದಲು ಎರಡು ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿ ಬರುವ 0.2, 0.3ನ್ನು ಗುರುತು ಹಾಕಿಕೊಂಡು ಕಳೆಯಬೇಕು. ಮೀಟರ್ ತೋರಿಸುವುದು ಡಿಸಿ ರೆಸಿಸ್ಟೆನ್ಸ್, ಅದು ಯಾವತ್ತೂ ಚೀಟಿಗಿಂತ ಕಡಿಮೆ: 4 ಓಮ್ ಸ್ಪೀಕರ್ 3.2ರಿಂದ 3.6, 8 ಓಮಿನದು 6ರಿಂದ 7, 3 ಓಮಿನದು 2.5ರ ಆಚೀಚೆ. ಮೀಟರ್ ಏನೂ ತೋರಿಸದಿದ್ದರೆ ಕೂಡಲೇ ಸ್ಪೀಕರ್ ಸತ್ತಿದೆ ಅನ್ನಬೇಡಿ. ಕೆಲವು ಸ್ಯಾಟಲೈಟುಗಳ ಒಳಗೆ ಸೀರೀಸಿನಲ್ಲಿ ಕೆಪ್ಯಾಸಿಟರ್ ಇರುತ್ತದೆ, ಅದು ಡಿಸಿ ಬಿಡುವುದಿಲ್ಲ. ಸ್ಪೀಕರ್ ಬಿಚ್ಚಿ ಕಾಯಿಲ್ ಟರ್ಮಿನಲ್ ಮೇಲೇ ಅಳೆಯಿರಿ.

ಕೋನಿನ ಅಂಚನ್ನು ಎರಡೂ ಕಡೆ ಬೆರಳಿಟ್ಟು ಸಮನಾಗಿ ಒತ್ತಿದಾಗ ಕರಕರ ಅಂದರೆ ಕಾಯಿಲ್ ಉಜ್ಜುತ್ತಿದೆ, ಅದನ್ನು ಬಿಡಿ. ಸುತ್ತಲಿನ ಅಂಚು ರಬ್ಬರ್ ಆದರೆ ವರ್ಷಗಟ್ಟಲೆ ಬಾಳುತ್ತದೆ. ಫೋಮ್ ಆದರೆ ತೇವಕ್ಕೆ ಪುಡಿಯಾಗಿ ಕೈಗೆ ಅಂಟುತ್ತದೆ. ಕರಾವಳಿಯ ಮನೆಗಳಲ್ಲಿ ಇದು ಬೇಗ. ಅಂಚು ಬದಲಿಸಿಕೊಡುವ ಸ್ಪೀಕರ್ ರಿಪೇರಿಯವರು ಇದ್ದಾರೆ, ಆದರೆ ಸಬ್ಬಿಗೆ ಮಾತ್ರ ಆ ಖರ್ಚು ಯೋಗ್ಯ.

ವೈರ್ ತುದಿಯ ಬಣ್ಣದ ಪ್ಲಗ್ಗುಗಳನ್ನು ಕತ್ತರಿಸಲೇಬೇಕು, ಬೇರೆಲ್ಲೂ ಅವು ಕೂರುವುದಿಲ್ಲ. ಕತ್ತರಿಸಿದ ಮೇಲೆ ಪ್ಲಸ್ ಯಾವುದೆಂದು ಗೆರೆ ನೋಡಿ ಊಹಿಸಬೇಡಿ, ಒಂದೊಂದು ಕಂಪನಿಯ ರೀತಿ ಒಂದೊಂದು. 1.5 ವೋಲ್ಟಿನ ಪೆನ್ಸಿಲ್ ಸೆಲ್ ತೆಗೆದುಕೊಂಡು ಕ್ಷಣಮಾತ್ರ ಮುಟ್ಟಿಸಿ: ಕೋನ್ ಹೊರಗೆ ಹಾರಿದರೆ ಸೆಲ್ಲಿನ ಪ್ಲಸ್ ಮುಟ್ಟಿದ್ದೇ ಸ್ಪೀಕರಿನ ಪ್ಲಸ್. ಅಲ್ಲೇ ಕೆಂಪು ಟೇಪ್ ಸುತ್ತಿ. ಹಿಂದಿನ ಸ್ಪೀಕರುಗಳಿಗೆ ಕೊಟ್ಟಿರುವ ಕೂದಲಿನಂಥ ವೈರನ್ನೂ ಬದಲಿಸಿದೆ. 0.2 ಸ್ಕ್ವೇರ್ ಎಂಎಂ ತಾಮ್ರದ ವೈರ್ 5 ಮೀಟರ್ ಹೋಗಿ 5 ಮೀಟರ್ ಬಂದರೆ ಸುಮಾರು 0.9 ಓಮ್ ಆಗುತ್ತದೆ, 3 ಓಮ್ ಸ್ಪೀಕರಿನ ಎದುರು ಅದು ಸಣ್ಣದಲ್ಲ. 1 ಸ್ಕ್ವೇರ್ ಎಂಎಂ ಫ್ಲೆಕ್ಸಿಬಲ್ ವೈರಿನಲ್ಲಿ ಅದೇ ದೂರಕ್ಕೆ 0.18 ಓಮ್ ಅಷ್ಟೇ. ಸಾವಿರಾರು ರೂಪಾಯಿಯ ‘ಆಡಿಯೋಫೈಲ್’ ಕೇಬಲ್ ಇಲ್ಲಿ ಬೇಡವೇ ಬೇಡ.

ಬೋರ್ಡ್ ಟಿಪಿಎ3116ಡಿ2 ಐಸಿಯ 2.1 ಮಾದರಿಯದು, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೂ ಆನ್‌ಲೈನಿನಲ್ಲೂ ಸಿಗುತ್ತದೆ. ಅದರಲ್ಲಿ ಎರಡು ಐಸಿ: ಒಂದು ಎಡ-ಬಲಕ್ಕೆ, ಇನ್ನೊಂದರ ಎರಡೂ ಚಾನಲ್ ಪ್ಯಾರಲಲ್ ಆಗಿ ಸಬ್ಬಿಗೆ. ಈ ಐಸಿಗೆ 26 ವೋಲ್ಟ್ ಮಿತಿ. ಎಡ-ಬಲ ಚಾನಲುಗಳಿಗೆ ಕನಿಷ್ಠ ಲೋಡ್ 3.2 ಓಮ್, ಪ್ಯಾರಲಲ್ ಚಾನಲಿಗೆ 1.6 ಓಮ್. ಹಾಗಾಗಿ 3 ಓಮಿನ ಸಬ್ ನೇರವಾಗಿ ಕೂರುತ್ತದೆ, 3 ಓಮಿನ ಸ್ಯಾಟಲೈಟ್ ಕೂದಲೆಳೆಯಷ್ಟು ಕೆಳಗೆ ಬೀಳುತ್ತದೆ. ಎಡಗಡೆಯ ಮುಂದಿನದನ್ನೂ ಹಿಂದಿನದನ್ನೂ ಸೀರೀಸಿನಲ್ಲಿ ಕಟ್ಟಿದರೆ 6 ಓಮ್ ಆಗುತ್ತದೆ, ಬಲಗಡೆಯೂ ಹಾಗೇ. ಬೋರ್ಡಿನ ಪ್ಲಸ್ ಮುಂದಿನ ಸ್ಪೀಕರಿನ ಪ್ಲಸ್ಸಿಗೆ, ಅದರ ಮೈನಸ್ ಹಿಂದಿನದರ ಪ್ಲಸ್ಸಿಗೆ, ಹಿಂದಿನದರ ಮೈನಸ್ ಬೋರ್ಡಿನ ಮೈನಸ್ಸಿಗೆ. ಎರಡೂ ಒಂದೇ ಮಾದರಿಯವಾಗಿರಬೇಕು, ಇಲ್ಲದಿದ್ದರೆ ಸದ್ದು ಹಂಚುವುದರಲ್ಲಿ ಏರುಪೇರಾಗುತ್ತದೆ. ಸೆಂಟರ್ ಸ್ಪೀಕರ್ ಬಿಡಿಭಾಗವಾಗಿ ಕಪಾಟು ಸೇರಿತು.

ಸಪ್ಲೈ ಹಳೆಯ ಲ್ಯಾಪ್‌ಟಾಪಿನ 19 ವೋಲ್ಟ್ 4.74 ಆಂಪಿಯರ್ ಅಡಾಪ್ಟರ್. ಔಟ್‌ಪುಟ್ ಸುಮಾರು 18 ವೋಲ್ಟ್ ಪೀಕ್ ಮುಟ್ಟಿದರೆ 6 ಓಮಿಗೆ 27 ವ್ಯಾಟ್, ಅಂದರೆ ಒಂದೊಂದು ಸ್ಯಾಟಲೈಟಿಗೆ 13ರ ಹತ್ತಿರ. ಸಬ್ಬಿಗೆ 54. ಡಬ್ಬದ ಮೇಲಿದ್ದ ಸಾವಿರ ವ್ಯಾಟ್ ಎಲ್ಲಿ ಹೋಯಿತು ಎಂದು ಕೇಳಬೇಡಿ. ಅದು ಪಿಎಂಪಿಒ, ಕಾಗದದ ಮೇಲಿನ ಲೆಕ್ಕ. ಹಾಲಿಗೆ ಇಷ್ಟು ಧಾರಾಳವಾಯಿತು. ಒಂದೊಂದು ಚಾನಲಿಗೆ 3 ಓಮಿನ ಒಂದೇ ಸ್ಪೀಕರ್ ಕಟ್ಟಲೇಬೇಕಿದ್ದರೆ 12 ವೋಲ್ಟ್ ಅಡಾಪ್ಟರ್ ಹಾಕಿ, ಪೀಕ್ ಕರೆಂಟ್ 6ರಿಂದ 4 ಆಂಪಿಯರಿಗಿಂತ ಕೆಳಗಿಳಿಯುತ್ತದೆ.

ಮೊದಲ ಸಲ ಆನ್ ಮಾಡುವಾಗ ಸ್ಪೀಕರ್ ಕಟ್ಟಬೇಡಿ. ಒಂದೊಂದು ಚಾನಲಿನ ಪ್ಲಸ್ ಮತ್ತು ಮೈನಸ್ ನಡುವೆ ಡಿಸಿ ಅಳೆಯಿರಿ, ಹತ್ತಾರು ಮಿಲಿವೋಲ್ಟ್ ಮೀರಬಾರದು. ಗ್ರೌಂಡಿಗೆ ಹೋಲಿಸಿ ಅಳೆದರೆ ಸಪ್ಲೈಯ ಅರ್ಧದಷ್ಟು, ಸುಮಾರು 9.5 ವೋಲ್ಟ್ ತೋರಿಸುತ್ತದೆ. ಗಾಬರಿ ಬೇಡ, ಪ್ಲಸ್ ಮೈನಸ್ ಎರಡೂ ತುದಿಗಳನ್ನು ಐಸಿಯೇ ಓಡಿಸುವ ಬ್ರಿಡ್ಜ್ ಔಟ್‌ಪುಟ್ ಇರುವುದೇ ಹಾಗೆ. ಅದೇ ಕಾರಣಕ್ಕೆ ಇಲ್ಲಿ ಸ್ಪೀಕರ್ ಮೈನಸ್ ಎಂದರೆ ಗ್ರೌಂಡ್ ಅಲ್ಲ. ಎಡ-ಬಲದ ಮೈನಸ್‌ಗಳನ್ನು ಒಂದೇ ವೈರಿಗೆ ಸೇರಿಸುವ ಹಳೆಯ ಅಭ್ಯಾಸ ಈ ಬೋರ್ಡುಗಳನ್ನು ಕೊಲ್ಲುತ್ತದೆ.

ಇಷ್ಟಾದರೂ ಸ್ಯಾಟಲೈಟುಗಳು ಬಾಸ್ ಬಂದಾಗ ಪಟಪಟ ಅನ್ನುತ್ತವೆ. ಹಳೆಯ ಪೆಟ್ಟಿಗೆ ಬರೀ ಸದ್ದು ಹೆಚ್ಚಿಸುತ್ತಿರಲಿಲ್ಲ. ಸ್ಯಾಟಲೈಟುಗಳಿಗೆ ಕೆಳಗಿನ ಸ್ವರ ಹೋಗದಂತೆ ಒಳಗೇ ಸೋಸುತ್ತಿತ್ತು. ಬಹುಪಾಲು ಸ್ಪೀಕರುಗಳ ಒಳಗೆ ಕ್ರಾಸ್‌ಓವರ್ (ಸ್ವರಗಳನ್ನು ಬೇರ್ಪಡಿಸುವ ಸರ್ಕ್ಯೂಟ್) ಇಲ್ಲದಿರುವುದು ಅದಕ್ಕೇ. 2.1 ಬೋರ್ಡುಗಳು ಸಬ್ಬಿಗೆ ಮಾತ್ರ ಸೋಸುತ್ತವೆ, ಎಡ-ಬಲಕ್ಕೆ ಸಾಮಾನ್ಯವಾಗಿ ಪೂರ್ತಿ ಸಿಗ್ನಲನ್ನೇ ಬಿಡುತ್ತವೆ. ಮೂರಿಂಚಿನ ಕೋನಿಗೆ 50 ಹರ್ಟ್ಸ್ ಕೊಟ್ಟರೆ ಅದು ತುದಿ ಬಡಿದು ಕೊನೆಗೆ ಕಾಯಿಲ್ ಹರಿದುಕೊಳ್ಳುತ್ತದೆ.

ಆ ಸೋಸುವಿಕೆಯನ್ನು ಕೆಪ್ಯಾಸಿಟರಿನಿಂದ ಮರಳಿ ಕೊಡಬೇಕು. 1ನ್ನು 6.28 × ಫ್ರೀಕ್ವೆನ್ಸಿ × ಓಮ್ ಇಂದ ಭಾಗಿಸಿದರೆ ಬೆಲೆ ಫ್ಯಾರಡಿನಲ್ಲಿ ಸಿಗುತ್ತದೆ. 6 ಓಮ್, 160 ಹರ್ಟ್ಸಿಗೆ 165 ಮೈಕ್ರೋಫ್ಯಾರಡ್. ಅಷ್ಟು ದೊಡ್ಡ ನಾನ್-ಪೋಲಾರ್ (ಪ್ಲಸ್-ಮೈನಸ್ ಭೇದವಿಲ್ಲದ) ಕೆಪ್ಯಾಸಿಟರ್ ಸುಲಭಕ್ಕೆ ಸಿಗುವುದಿಲ್ಲ. 330 ಮೈಕ್ರೋಫ್ಯಾರಡ್ 63 ವೋಲ್ಟಿನ ಎರಡು ಎಲೆಕ್ಟ್ರೋಲಿಟಿಕ್‌ಗಳ ಮೈನಸ್‌ಗಳನ್ನು ಒಂದಕ್ಕೊಂದು ಬೆಸುಗೆ ಹಾಕಿ, ಉಳಿದ ಎರಡು ಪ್ಲಸ್‌ಗಳನ್ನು ತುದಿಗಳಾಗಿ ಬಳಸಿದರೆ ಸರಿಯಾಗಿ 165 ಬರುತ್ತದೆ. ಚಾನಲಿಗೆ ಒಂದು ಜೋಡಿ, ಬೋರ್ಡಿನ ಪ್ಲಸ್ ಮತ್ತು ಮೊದಲ ಸ್ಪೀಕರಿನ ನಡುವೆ. 4 ಓಮ್ ಲೋಡಾದರೆ 470ರ ಜೋಡಿ ಹಾಕಿ, ಸುಮಾರು 170 ಹರ್ಟ್ಸ್ ಆಗುತ್ತದೆ. ಇದು ಆಕ್ಟೇವಿಗೆ 6 ಡೆಸಿಬಲ್ಲಿನ ಮೆತ್ತನೆಯ ಇಳಿಜಾರು, ಹಳೆಯ ಪೆಟ್ಟಿಗೆಯಷ್ಟು ಚೊಕ್ಕವಲ್ಲ. ಆದರೂ ಪಟಪಟ ನಿಲ್ಲುತ್ತದೆ, ಮಾತು ತಿಳಿಯಾಗುತ್ತದೆ.

ಸಬ್ಬಿನ ಎರಡು ವೈರುಗಳನ್ನು ಅದಲುಬದಲು ಮಾಡಿ ಎರಡೂ ರೀತಿ ಕೇಳಿ. ತಬಲಾ, ಬಾಸ್ ಗಿಟಾರ್ ಯಾವುದರಲ್ಲಿ ತುಂಬಿ ಬರುತ್ತದೋ ಅದನ್ನೇ ಉಳಿಸಿ, ಪ್ಲಸ್ ಮೈನಸ್ ಚೀಟಿ ಏನೇ ಹೇಳಲಿ.

ಟಿವಿಯ ಹೆಡ್‌ಫೋನ್ ಔಟ್‌ನಿಂದ ಕೊಟ್ಟರೆ ರಿಮೋಟಿನಲ್ಲೇ ಸದ್ದು ಏರಿಳಿಸಬಹುದು. ಆಪ್ಟಿಕಲ್ ಔಟ್ ಮಾತ್ರ ಇದ್ದರೆ ಡಿಜಿಟಲ್ ಸಿಗ್ನಲನ್ನು ಅನಲಾಗ್ ಮಾಡುವ ಸಣ್ಣ ಡ್ಯಾಕ್ ಬೇಕು, ಟಿವಿಯ ಆಡಿಯೋ ಸೆಟ್ಟಿಂಗಿನಲ್ಲಿ ಪಿಸಿಎಂ (ಡಿಕೋಡ್ ಮಾಡಬೇಕಿಲ್ಲದ ಸಾದಾ ಡಿಜಿಟಲ್ ಸದ್ದು) ಆರಿಸಬೇಕು. ಡಾಲ್ಬಿಯಲ್ಲೇ ಬಿಟ್ಟರೆ ಅಗ್ಗದ ಡ್ಯಾಕ್ ಮೌನವಾಗಿರುತ್ತದೆ ಅಥವಾ ಕರ್ಕಶ ಸದ್ದು ಮಾಡುತ್ತದೆ. ಬ್ಲೂಟೂತ್ ಮಾಡ್ಯೂಲನ್ನು ಅದೇ 19 ವೋಲ್ಟಿನಿಂದ ಇಳಿಸಿ ಓಡಿಸಿದರೆ ಸೊಳ್ಳೆಯ ಗುಂಯ್ ಬರುತ್ತದೆ, ಗ್ರೌಂಡ್ ಲೂಪ್ ಅದು. ಬೇರೆ ಮೊಬೈಲ್ ಚಾರ್ಜರಿನಿಂದ 5 ವೋಲ್ಟ್ ಕೊಟ್ಟರೆ ಹೋಗುತ್ತದೆ.

ಸಬ್ ಡಬ್ಬದೊಳಗೇ ಆಂಪ್ಲಿಫೈಯರ್ ಇರುವ ಮಲ್ಟಿಮೀಡಿಯಾ 5.1 ಆದರೆ ಒಳಗೆ 12-0-12ರಂಥ ಟ್ರಾನ್ಸ್‌ಫಾರ್ಮರ್ ಸಿಗುತ್ತದೆ. ಅದರ ಎರಡೂ ಹೊರತುದಿಗಳನ್ನು ಬ್ರಿಡ್ಜ್ ರೆಕ್ಟಿಫೈಯರಿಗೆ ಕೊಡಬೇಡಿ: 24 ವೋಲ್ಟ್ ಎಸಿ, ಕೆಪ್ಯಾಸಿಟರ್ ದಾಟಿದ ಮೇಲೆ 32 ವೋಲ್ಟ್ ಡಿಸಿ ಮೀರಿ ಐಸಿ ಸುಡುತ್ತದೆ. ನಡುವಿನ ತುದಿ ಮತ್ತು ಒಂದು ಹೊರತುದಿ ಸಾಕು, 16 ವೋಲ್ಟಿನ ಹತ್ತಿರ ಬರುತ್ತದೆ. ಆದರೆ ಅರ್ಧ ವೈಂಡಿಂಗ್ ಮಾತ್ರ ದುಡಿಯುವುದರಿಂದ ಸಬ್ ಜೋರಾಗಿಟ್ಟರೆ ಟ್ರಾನ್ಸ್‌ಫಾರ್ಮರ್ ಕಾಯುತ್ತದೆ. ಅಡಾಪ್ಟರ್ ಇದ್ದರೆ ಅದೇ ವಾಸಿ. ಆ ಬೋರ್ಡ್ ಕಿತ್ತ ಜಾಗದ ತೂತನ್ನು ಹಾಗೇ ಬಿಡಬಾರದು, ಗಾಳಿ ಅಲ್ಲಿಂದ ಸೋರಿದರೆ ಬಾಸ್ ಸತ್ತೇ ಹೋಗುತ್ತದೆ. 12 ಎಂಎಂ ಪ್ಲೈವುಡ್ ತುಂಡು ಕೂರಿಸಿ, ಸುತ್ತ ಸಿಲಿಕಾನ್ ಹಚ್ಚಿ, ವೈರ್ ಹೊರಬರುವ ತೂತಿಗೂ ಎಂ-ಸೀಲ್ ತುಂಬಿ. ಮುಂಭಾಗದಲ್ಲೋ ಪಕ್ಕದಲ್ಲೋ ಇರುವ ಕೊಳವೆಯ ತೂತನ್ನು ಮಾತ್ರ ಮುಚ್ಚಬೇಡಿ, ಅದು ಬೇಕೆಂದೇ ಇಟ್ಟದ್ದು.