ಲೈನ್ ಮನೆಯಿಂದ ಕಿದ್ವಾಯಿಗೆ: ದುಡ್ಡು ಬೇಕಾಗುವುದು ಎಲ್ಲಿ

ಕೊಡಗಿನ ಕಾಫಿ ತೋಟದ ಲೈನ್ ಮನೆಗಳಿಂದ, ಅಂದರೆ ಕೂಲಿಯವರ ಸಾಲು ಮನೆಗಳಿಂದ, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿಬರುವ ಮಕ್ಕಳ ಪ್ರಯಾಣಕ್ಕೆ ನಾವು ದಾನಿಗಳ ದುಡ್ಡು ಕೂಡಿಸಿ ಕೊಡುತ್ತೇವೆ. ಮಗುವಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾದ ವಾರ ಎಲ್ಲರೂ ಕೈಲಾದಷ್ಟು ಕೊಡುತ್ತಾರೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಎಎಲ್‌ಎಲ್ ಎಂಬ ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಎರಡರಿಂದ ಮೂರು ವರ್ಷ. ನಾವು ನೋಡಿದಂತೆ ಮನೆಯವರು ಕೈಚೆಲ್ಲುವುದು ನಡುವೆ: ಕೂದಲು ಮತ್ತೆ ಬಂದು ಮಗು ಓಡಾಡಿಕೊಂಡಿರುತ್ತದೆ, ಇತ್ತ ಕಾಫಿ ಕೊಯ್ಲು ಶುರುವಾಗಿರುತ್ತದೆ. ಮೊದಲು ಇಡಿಗಂಟಾಗಿ ಕೊಡುತ್ತಿದ್ದೆವು. ಅದು ತೋಟದ ಅಡ್ವಾನ್ಸಿಗೆ, ಕೈಸಾಲಕ್ಕೆ ಹೋಗುತ್ತಿತ್ತು. ಸಾಲ ತೀರಿಸಿದ್ದು ತಪ್ಪಲ್ಲ, ಆದರೆ ಆಸ್ಪತ್ರೆ ಕೊಟ್ಟ ಮುಂದಿನ ತಾರೀಕಿಗೆ ಹೊರಡಲು ಕಾಸಿರುತ್ತಿರಲಿಲ್ಲ.

ಈಗ ಪ್ರತಿ ತಾರೀಕಿಗೆ ಮೂರು ದಿನ ಮೊದಲು, ತಾಯಿಯ ಖಾತೆಗೆ. ಅದರಲ್ಲಿ ಅಪ್ಪನ ಟಿಕೆಟ್, ಇಬ್ಬರ ಊಟ, ಆ ದಿನಗಳ ಕೂಲಿ ಸೇರಿರುತ್ತದೆ. ಸಾಮಾನ್ಯ ಬಸ್ಸಿನಲ್ಲಿ ತಾಯಿಗೆ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಸಿಗುತ್ತದೆ, ರಾಜಹಂಸದಲ್ಲಿ ಇಲ್ಲ. ಕೊಡಗಿಗೆ ರೈಲಿಲ್ಲದ್ದರಿಂದ ಕ್ಯಾನ್ಸರ್ ರೋಗಿಗಿರುವ ರೈಲ್ವೆ ರಿಯಾಯಿತಿ ಮೈಸೂರಿನಿಂದ ಆಚೆಗೆ ಮಾತ್ರ. ಬಿಳಿ ರಕ್ತಕಣ ತೀರಾ ಇಳಿದಿದ್ದರೆ ತುಂಬಿದ ಬಸ್ಸು ಬೇಡ, ಕಾರು ಮಾಡಿಸುತ್ತೇವೆ.

ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಸಿಕ್ಕಿಕೊಳ್ಳುವುದು ಕಾಗದದಲ್ಲಿ: ಪಡಿತರ ಚೀಟಿಯಲ್ಲಿ ಮಗುವಿನ ಹೆಸರಿರುವುದಿಲ್ಲ, ಐದು ತುಂಬಿದ ಮೇಲೆ ಆಧಾರ್‌ಗೆ ಬೆರಳಚ್ಚು ಕೊಡಿಸಿರುವುದಿಲ್ಲ. ಇವೆರಡನ್ನೂ ಊರಲ್ಲೇ ಮುಗಿಸಿ ಕಳಿಸಿ. ಅಲ್ಲಿಗೆ ಹೋಗಿ ಸರಿಮಾಡಿಸುತ್ತೇವೆ ಎಂದವರು ವಾರಗಟ್ಟಲೆ ಅಲೆದಿದ್ದಾರೆ.

ದುಡ್ಡಿಗಿಂತ ಹೆಚ್ಚು ಗಮನ ಬೇಕಾದ್ದು ಮಾತ್ರೆಗೆ. ಕೊನೆಯ ದೀರ್ಘ ಹಂತದಲ್ಲಿ ಮರ್ಕ್ಯಾಪ್ಟೊಪ್ಯೂರಿನ್ ದಿನಾ, ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ. ಎರಡನೆಯದನ್ನೂ ದಿನಾ ಕೊಟ್ಟರೆ ಜೀವಕ್ಕೇ ಅಪಾಯ. ಗೋಡೆಯ ಕ್ಯಾಲೆಂಡರಿನಲ್ಲಿ ಇಡೀ ವರ್ಷದ ಬುಧವಾರಗಳಿಗೆ ಕೆಂಪು ಸುತ್ತು ಹಾಕಿಸಿ, ಆ ಮಾತ್ರೆಯನ್ನು ಬೇರೆ ಡಬ್ಬಿಯಲ್ಲಿಡಿಸುತ್ತೇವೆ. ಮರ್ಕ್ಯಾಪ್ಟೊಪ್ಯೂರಿನ್ 50 ಮಿಲಿಗ್ರಾಂನದು. ರಕ್ತದ ವರದಿ ನೋಡಿ ಡಾಕ್ಟರು ‘ಇವತ್ತು ಒಂದು, ನಾಳೆ ಅರ್ಧ’ ಎಂದು ಬದಲಿಸುತ್ತಿರುತ್ತಾರೆ. ಹಾಗಾಗಿ ಒಂದು, ಅರ್ಧ ಎಂದು ಅದೇ ಕ್ಯಾಲೆಂಡರಿನಲ್ಲಿ ಚಿತ್ರ ಬರೆಯುತ್ತೇವೆ. ಓದು ಬಾರದ ತಾಯಿಯೂ ತಪ್ಪುವುದಿಲ್ಲ. ಚೀಟಿ ಓದಿ ಹೇಳಲು ತೋಟದ ಲೆಕ್ಕ ಬರೆಯುವ ರೈಟರನ್ನು ನೆಚ್ಚಿಕೊಂಡರೆ ಅವರು ರಜೆ ಹೋದ ವಾರ ಎಡವಟ್ಟು.

ಮಳೆಗಾಲದ ಜ್ವರ ಬೇರೆಯದೇ ಲೆಕ್ಕ. ಡಿಜಿಟಲ್ ಥರ್ಮಾಮೀಟರಿನಲ್ಲಿ 100.4 ಮುಟ್ಟಿತೆಂದರೆ ಪ್ಯಾರಾಸಿಟಮಾಲ್ ಕೊಟ್ಟು ಬೆಳಗಿನವರೆಗೆ ಕಾಯುವಂತಿಲ್ಲ. ರೋಗನಿರೋಧಕ ಶಕ್ತಿ ಕುಸಿದಿರುವಾಗ ಸೋಂಕು ಗಂಟೆಗಳಲ್ಲಿ ರಕ್ತಕ್ಕೇರುತ್ತದೆ. ಬೆಂಗಳೂರಿನವರೆಗೆ ಹೋಗುವುದೂ ಬೇಡ, ಮೊದಲ ಆಂಟಿಬಯೋಟಿಕ್ ಮಡಿಕೇರಿಯಲ್ಲೇ ಬೀಳಲಿ. ಮಗು ಕೀಮೋದಲ್ಲಿದೆ, ತಡಮಾಡಬೇಡಿ ಎಂಬ ಪತ್ರವನ್ನು ಕ್ಯಾನ್ಸರ್ ಡಾಕ್ಟರಿಂದ ಮೊದಲೇ ಬರೆಸಿ ಪ್ಲಾಸ್ಟಿಕ್ ಕವರಿನಲ್ಲಿಡಬೇಕು. ಜೂನ್ ಬರುವ ಮೊದಲೇ ಇಬ್ಬರು ಜೀಪಿನವರನ್ನು ಗೊತ್ತುಮಾಡಿ, ಮುಂಗಡ ಕೊಟ್ಟಿಡಿ. ಒಬ್ಬರು ಸಾಲದು: ಮರ ಬಿದ್ದು ರಸ್ತೆ ಕಟ್ಟಿದರೆ ಮರದ ಆಚೆ ಕಡೆಯಿಂದಲೂ ಒಂದು ಜೀಪು ಬರಬೇಕು.

ಎರಡೂವರೆ ವರ್ಷದ ಪ್ರಯಾಣಕ್ಕಾಗುವಷ್ಟು ದುಡ್ಡು ಬ್ಯಾಂಕಿನಲ್ಲಿ ಕೂಡುವವರೆಗೆ ಹೊಸ ಮಗುವಿನ ಹೊಣೆ ಹೊರುವುದಿಲ್ಲ. ಇದಕ್ಕೆ ಬೈಸಿಕೊಂಡಿದ್ದೇವೆ, ಆದರೂ ಬದಲಿಸಿಲ್ಲ. ದಾನಿಗಳು ಮಗುವಿನ ಫೋಟೋ ಕೇಳುತ್ತಾರೆ. ನಾವು ಕಳಿಸುವುದು ಬಸ್ ಟಿಕೆಟ್ಟಿನದು, ಹೆಸರು ಮುಚ್ಚಿದ ಒಪಿಡಿ ಚೀಟಿಯದು.